ಸುಟ್ಟರೂ ಹೋಗದ ಗುಣವೇ?

ಬಿಟ್ಟುಹೋದ ಪ್ರಿಯಕರ ನಾರ್ಸಿಸಿಸ್ಟ್. ರಜೆ ಕೊಡದ ಮೇಲಧಿಕಾರಿ ಸೈಕೋಪಾತ್. ಫೋನ್ ಎತ್ತದಿದ್ದರೆ ಮುನಿಸಿಕೊಳ್ಳುವ ಗೆಳತಿ ಬಾರ್ಡರ್‌ಲೈನ್. ಪುಸ್ತಕಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿಡುವವನು ಓಸಿಡಿ. ಒಂದು ಕಾಲಕ್ಕೆ ಮನೋವೈದ್ಯರ ಟಿಪ್ಪಣಿಗಳಲ್ಲಷ್ಟೇ ಇರುತ್ತಿದ್ದ ಈ ಪದಗಳು ಈಗ ಬೈಗುಳಗಳ ಸಾಲಿಗೆ ಸೇರಿವೆ. ಒಂದೂವರೆ ನಿಮಿಷದ ವಿಡಿಯೊ ನೋಡಿ ಎದ್ದವರು ಪಕ್ಕದಲ್ಲಿ ಕುಳಿತವರ ವ್ಯಕ್ತಿತ್ವಕ್ಕೆ ಚೀಟಿ ಅಂಟಿಸಿಬಿಡುತ್ತಾರೆ. ಚೀಟಿ ಅಂಟಿಸುವ ಚಟವೇನೂ ಹೊಸದಲ್ಲ, ಅದು ಮನುಷ್ಯನಷ್ಟೇ ಹಳೆಯದು. ನನಗೆ ವಿಚಿತ್ರವೆನಿಸುವುದು ಬೇರೆ: ಜನ ಇಷ್ಟು ಹುರುಪಿನಿಂದ ಎತ್ತಿಕೊಳ್ಳುತ್ತಿರುವ ಈ ಚೀಟಿಗಳನ್ನು, ಅವನ್ನು ಬರೆದ ಶಾಸ್ತ್ರವೇ ಒಂದೊಂದಾಗಿ ಕೆಳಗಿಡುತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ, ಐಸಿಡಿ-11, 2022ರ ಜನವರಿ 1ರಿಂದ ಜಾರಿಯಲ್ಲಿದೆ. ವ್ಯಕ್ತಿತ್ವದ ಅಸ್ವಸ್ಥತೆಗಳ ಹಳೆಯ ಪಟ್ಟಿಯನ್ನು ಅದು ಹೆಚ್ಚುಕಡಿಮೆ ಪೂರ್ತಿ ಅಳಿಸಿಹಾಕಿತು. ಸಂಶಯ ಪ್ರವೃತ್ತಿಯದು ಒಂದು, ಪರಾವಲಂಬಿಯದು ಇನ್ನೊಂದು, ನಾಟಕೀಯ ನಡವಳಿಕೆಯದು ಮತ್ತೊಂದು ಎಂಬ ಬೇರೆ ಬೇರೆ ಕೋಣೆಗಳು ಈಗ ಅಲ್ಲಿಲ್ಲ. ಇರುವುದು ಒಂದೇ ಹೆಸರು: ವ್ಯಕ್ತಿತ್ವದ ಅಸ್ವಸ್ಥತೆ. ಅದರ ಮುಂದೆ ಸೌಮ್ಯ, ಮಧ್ಯಮ, ತೀವ್ರ ಎಂಬ ಮೂರು ಹಂತಗಳು. ಇವನು ಎಂಥವನು ಎಂದು ಕೇಳುತ್ತಿದ್ದ ವೈದ್ಯರು ಇನ್ನು ಮೊದಲು ಕೇಳಬೇಕಾದದ್ದು, ಇವನಿಗೆ ತೊಂದರೆ ಎಷ್ಟಿದೆ ಎಂದು. ಒಂದು ಶಾಸ್ತ್ರ ತನ್ನ ಪ್ರಶ್ನೆಯನ್ನೇ ಬದಲಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮೊದಲು ಆ ನಾಲ್ಕು ಬೈಗುಳಗಳ ಲೆಕ್ಕ ಮುಗಿಸಿಬಿಡೋಣ. ಬೇಡದ ಯೋಚನೆಗಳಿಗೆ ಸಿಲುಕಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆಯಾದ ಓಸಿಡಿ ವ್ಯಕ್ತಿತ್ವದ ಅಸ್ವಸ್ಥತೆಯೇ ಅಲ್ಲ. ಸೈಕೋಪಾತ್ ಎಂಬ ಪ್ರತ್ಯೇಕ ರೋಗನಿರ್ಣಯ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ, ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯಾದ ಡಿಎಸ್‌ಎಂನಲ್ಲೂ ಇಲ್ಲ. ಅಂತರ್ಜಾಲಕ್ಕೆ ಅತ್ಯಂತ ಪ್ರಿಯವಾದ ನಾರ್ಸಿಸಿಸಂ, ಅಂದರೆ ಸ್ವಮೋಹ, ಡಿಎಸ್‌ಎಂನಲ್ಲಿ ಇದೆಯಾದರೂ ಐಸಿಡಿಯ ಹಿಂದಿನ ಆವೃತ್ತಿಯಲ್ಲಿ ಅದಕ್ಕೆ ಸ್ವಂತ ಕೋಣೆ ಇರಲಿಲ್ಲ. 'ಇತರೆ' ಎಂಬ ಮೂಲೆಯಲ್ಲಿ ಅದರ ಹೆಸರಿತ್ತು, ಅಷ್ಟೆ. ಉಳಿದದ್ದು, ಭಾವನೆಗಳೂ ಸಂಬಂಧಗಳೂ ತನ್ನ ಬಗೆಗಿನ ಅರಿವೂ ಸದಾ ಏರುಪೇರಾಗುವ ಬಾರ್ಡರ್‌ಲೈನ್ ಒಂದೇ. ಎರಡೂ ಪುಸ್ತಕಗಳಲ್ಲಿ ಅದು ಇನ್ನೂ ಉಳಿದಿದೆ, ಹೊಸದರಲ್ಲಿ ಜಗಳವಾಡಿ ಉಳಿದಿದೆ. ಆ ಕಥೆ ಆಮೇಲೆ.

ಕನ್ನಡದಲ್ಲಿ ಇದನ್ನು ವ್ಯಕ್ತಿತ್ವ ದೋಷ ಎಂದು ಕರೆಯುವ ರೂಢಿ ಹಳೆಯದು. ದೋಷ ಎಂದೊಡನೆ ತಪ್ಪು ಯಾರದು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಆದ್ದರಿಂದ ನಾನು ಇಲ್ಲಿ ಅಸ್ವಸ್ಥತೆ ಎಂಬ ಉದ್ದದ ಪದವನ್ನೇ ಬಳಸುತ್ತಿದ್ದೇನೆ. ಅದೂ ಪೂರ್ತಿ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಇಲ್ಲಿ ಅಸ್ವಸ್ಥವಾಗಿದೆ ಎನ್ನುತ್ತಿರುವುದು ಹೊಟ್ಟೆಯನ್ನಲ್ಲ, ಶ್ವಾಸಕೋಶವನ್ನಲ್ಲ. ಒಬ್ಬ ಮನುಷ್ಯ 'ನಾನು' ಎಂದು ಕರೆದುಕೊಳ್ಳುವುದನ್ನೇ.

ತೊಡಕಿರುವುದು ಅಲ್ಲಿಯೇ. ಓಸಿಡಿ ಇರುವವರು ಇಪ್ಪತ್ತನೆಯ ಬಾರಿ ಕೈ ತೊಳೆಯುವಾಗ ಇದು ಅತಿಯಾಯಿತು ಎಂದು ಅವರಿಗೇ ಅನ್ನಿಸುತ್ತಿರುತ್ತದೆ. ನಿಲ್ಲಿಸಲು ಆಗದೆ ಅಳುತ್ತಾರೆ. ಹೆಸರಿನಲ್ಲಿ ಅದನ್ನೇ ಹೋಲುವ ಒಂದು ವ್ಯಕ್ತಿತ್ವದ ಅಸ್ವಸ್ಥತೆ ಡಿಎಸ್‌ಎಂನಲ್ಲಿದೆ. ಶಿಸ್ತು, ಪಟ್ಟಿ, ನಿಯಮ, ಪರಿಪೂರ್ಣತೆ ಇವುಗಳಲ್ಲೇ ಮುಳುಗಿ, ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಲಾಗದೆ, ಕೊನೆಗೆ ತಾನೂ ಮುಗಿಸಲಾಗದೆ ಹೋಗುವ ಸ್ಥಿತಿ ಅದು. ಆ ವ್ಯಕ್ತಿಯನ್ನು ಕೇಳಿ ನೋಡಿ: ತನಗೇನೂ ಆಗಿಲ್ಲ, ಉಳಿದವರೆಲ್ಲ ಬೇಜವಾಬ್ದಾರಿಗಳು ಎನ್ನುತ್ತಾನೆ. ಮೊದಲನೆಯವರಿಗೆ ಕಾಯಿಲೆ ಹೊರಗಿನಿಂದ ನುಗ್ಗಿದ ಕಳ್ಳನಂತೆ ಕಾಣುತ್ತದೆ. ಎರಡನೆಯವರಿಗೆ ಅದು ಮನೆಯ ಯಜಮಾನ. ವ್ಯಕ್ತಿತ್ವದ ಅಸ್ವಸ್ಥತೆಗಳಲ್ಲಿ ಬಹಳಷ್ಟು ಈ ಎರಡನೆಯ ಬಗೆಯವು. ಹಾಗಾಗಿಯೇ ಅನೇಕರು ವೈದ್ಯರ ಬಳಿ ಬರುವುದು ಖಿನ್ನತೆಗೆ, ಕುಡಿತಕ್ಕೆ, ನಿದ್ದೆ ಬಾರದ್ದಕ್ಕೆ, ಮುರಿದ ಮದುವೆಗೆ. ವ್ಯಕ್ತಿತ್ವದ ಮಾತು ಹೊರಬರುವುದು ಎಷ್ಟೋ ಭೇಟಿಗಳ ನಂತರ.

ಹಾಗಾದರೆ ಗೆರೆ ಎಲ್ಲಿ? ಸಂಶಯ, ನಾಚಿಕೆ, ಹಟ, ಹೊಗಳಿಕೆಯ ಹಸಿವು ಯಾರಲ್ಲಿ ಇಲ್ಲ? ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ 1923ರಲ್ಲೇ ಒಂದು ಗೆರೆ ಎಳೆದಿದ್ದ: ತನ್ನ ಸ್ವಭಾವದ ವೈಪರೀತ್ಯದಿಂದ ತಾನು ನರಳುವವನು, ಇಲ್ಲವೇ ಸಮಾಜವನ್ನು ನರಳಿಸುವವನು. ನೂರು ವರ್ಷಗಳ ನಂತರವೂ ಅದಕ್ಕಿಂತ ಹೆಚ್ಚಿನದನ್ನು ಹೇಳಲು ಶಾಸ್ತ್ರಕ್ಕೆ ಸುಲಭವಾಗಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ತನ್ನ ಬಗ್ಗೆ ಒಂದು ಸ್ಥಿರವಾದ ಅರಿವನ್ನು ಇಟ್ಟುಕೊಳ್ಳುವುದು ಮತ್ತು ಇನ್ನೊಬ್ಬರೊಂದಿಗೆ ಹತ್ತಿರದ ಸಂಬಂಧವನ್ನು ಉಳಿಸಿಕೊಳ್ಳುವುದು, ಈ ಎರಡರಲ್ಲಿ ಒಂದಾಗಲಿ ಎರಡೂ ಆಗಲಿ ದೀರ್ಘಕಾಲ ಕುಂಟುತ್ತಿದ್ದರೆ ಅದು ಅಸ್ವಸ್ಥತೆ. ಐಸಿಡಿ-11 ಕನಿಷ್ಠ ಎರಡು ವರ್ಷ ಎನ್ನುತ್ತದೆ. ಒಂದು ಕೆಟ್ಟ ಮದುವೆಯೊಳಗೆ ಮಾತ್ರ, ಒಬ್ಬ ಕೆಟ್ಟ ಮೇಲಧಿಕಾರಿಯ ಮುಂದೆ ಮಾತ್ರ ಕಾಣಿಸುವುದು ಲೆಕ್ಕಕ್ಕಿಲ್ಲ. ಜಾಗ ಬದಲಾದರೂ, ಜನ ಬದಲಾದರೂ ಅದೇ ಕಥೆ ಮರುಕಳಿಸಬೇಕು.

ಈ ಗೆರೆಯನ್ನು ಹಿಡಿದು ಎಣಿಸಿದರೆ ಸಿಗುವ ಸಂಖ್ಯೆ ಚಿಕ್ಕದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 13 ದೇಶಗಳಲ್ಲಿ ನಡೆಸಿ 2009ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜು ಶೇ 6.1. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ ಅದು ಶೇ 7.8. ನಮ್ಮ ಪರಿಚಯದ ಪ್ರತಿ ಹದಿನೈದು ಜನರಲ್ಲಿ ಸುಮಾರು ಒಬ್ಬರು ಎಂದಾಯಿತು. ಅವರಲ್ಲಿ ಹೆಚ್ಚಿನವರು ವಿಡಿಯೊಗಳಲ್ಲಿ ಬರುವ ಖಳನಾಯಕರಂತೆ ಇರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ತಿರಸ್ಕಾರದ ಭಯದಿಂದ ಇಡೀ ಬದುಕನ್ನು ಕಿಟಕಿಯಿಂದಲೇ ನೋಡಿ ಮುಗಿಸುವವರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ.

ಮಗು ಮತ್ತು ಮನೆ

ಇನ್ನು, ಇದು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆ. ಜನರ ಬಳಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಒಂದು. ಬೆಳೆಸಿದ ರೀತಿ ಸರಿಯಿಲ್ಲ ಎಂಬುದು ಇನ್ನೊಂದು. ವಿಜ್ಞಾನ ಎರಡನ್ನೂ ಅರ್ಧರ್ಧ ಒಪ್ಪುತ್ತದೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ನಿಜವಾದ ಸ್ವಾರಸ್ಯ ಆ ಎರಡು ಅರ್ಧಗಳು ಒಂದನ್ನೊಂದು ಹೇಗೆ ಕೆರಳಿಸುತ್ತವೆ ಎಂಬುದರಲ್ಲಿದೆ.

ಅವಳಿಗಳ ಅಧ್ಯಯನಗಳು ವ್ಯಕ್ತಿತ್ವದ ಅಸ್ವಸ್ಥತೆಗಳಲ್ಲಿ ಆನುವಂಶಿಕತೆಯ ಪಾಲನ್ನು ಸುಮಾರು ಶೇ 40ರಿಂದ 50ರಷ್ಟು ಎಂದು ಅಂದಾಜಿಸುತ್ತವೆ. ಇದನ್ನು ತಪ್ಪಾಗಿ ಓದುವವರು ಬಹಳ. ಒಬ್ಬ ವ್ಯಕ್ತಿಯ ತೊಂದರೆಯಲ್ಲಿ ಅರ್ಧ ಅಪ್ಪ ಅಮ್ಮನ ರಕ್ತದಿಂದ ಬಂತು ಎಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ವ್ಯತ್ಯಾಸಕ್ಕೆ ಸಲ್ಲುವ ಪಾಲು ಅಷ್ಟು ಎಂದು. ಇದಕ್ಕೆಂದೇ ಇರುವ ಒಂದು ವಂಶವಾಹಿಯೂ ಸಿಕ್ಕಿಲ್ಲ. ಪರಂಪರೆಯಿಂದ ಬರುವುದು ಕಾಯಿಲೆಯಲ್ಲ, ಮನೋಧರ್ಮ: ಬೇಗ ಬೆಚ್ಚುವುದು, ಬೇಗ ಸಿಡಿಯುವುದು, ಒಮ್ಮೆ ಸಿಡಿದರೆ ತಣ್ಣಗಾಗಲು ಹೊತ್ತು ಹಿಡಿಯುವುದು, ಹೊಸಬರ ಮುಂದೆ ಮುದುಡುವುದು, ಅಪಾಯದ ಭಯವೇ ಕಡಿಮೆ ಇರುವುದು.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಎಳೆಯ ಕೂಸುಗಳ ಗುಂಪೊಂದನ್ನು ಹಿಂಬಾಲಿಸಲು ತೊಡಗಿದರು. ಮಕ್ಕಳು ದೊಡ್ಡವರಾಗುವ ತನಕ ಬಿಡಲಿಲ್ಲ. ಕೆಟ್ಟ ತಾಯಂದಿರೇ ಎಲ್ಲಕ್ಕೂ ಕಾರಣ ಎಂದು ತಜ್ಞರು ಬೆರಳು ತೋರಿಸುತ್ತಿದ್ದ ಕಾಲ ಅದು. ಇವರು ಕಂಡದ್ದು ಬೇರೆ: ಕೂಸುಗಳು ಮೊದಲ ತಿಂಗಳುಗಳಿಂದಲೇ ಒಂದರಂತೆ ಒಂದಿಲ್ಲ, ಆದರೆ ಮುಂದೆ ತೊಂದರೆಗೆ ಸಿಲುಕುವವರು ಯಾರು ಎಂಬುದನ್ನು ಮಗುವಿನ ಮನೋಧರ್ಮವೊಂದೇ ಹೇಳುವುದಿಲ್ಲ. ಆ ಮನೋಧರ್ಮಕ್ಕೂ ಮನೆಯ ನಿರೀಕ್ಷೆಗೂ ಹೊಂದಿಕೆ ಇದೆಯೇ ಎಂಬುದು ಹೇಳುತ್ತದೆ. ನಿಧಾನವಾಗಿ ಅರಳುವ ಮಗು ನಿಧಾನದ ಮನೆಯಲ್ಲಿ ಸೊಗಸಾಗಿ ಬೆಳೆಯುತ್ತದೆ. ಅದೇ ಮಗುವನ್ನು ದಿನವೂ ವೇದಿಕೆಗೆ ತಳ್ಳುವ ಮನೆಯಲ್ಲಿ ಇಟ್ಟರೆ ಅದರ ನಾಚಿಕೆಯೇ ಭಯವಾಗಿ, ಭಯವೇ ಬದುಕಿನ ರೀತಿಯಾಗಿ ಗಟ್ಟಿಯಾಗಬಹುದು. ಕಾಲಿಗೂ ಚಪ್ಪಲಿಗೂ ಇರುವ ಸಂಬಂಧ ಇದು. ಗಾಯವಾದಾಗ ತಪ್ಪು ಕಾಲಿನದೋ ಚಪ್ಪಲಿಯದೋ ಎಂದು ವಾದಿಸುವುದರಲ್ಲಿ ಹುರುಳಿಲ್ಲ.

ಬಾರ್ಡರ್‌ಲೈನ್ ಸ್ಥಿತಿಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹಾನ್ ಕೊಟ್ಟ ವಿವರಣೆ ಈ ಹೊಂದಿಕೆಯ ಮಾತನ್ನು ಇನ್ನೂ ಒಳಕ್ಕೆ ಕೊಂಡೊಯ್ಯುತ್ತದೆ. ಭಾವನೆಗಳು ಬೇಗ ಹೊತ್ತಿಕೊಳ್ಳುವ ಮಗುವೊಂದನ್ನು ನೆನೆಯಿರಿ. ಉಳಿದವರಿಗೆ ಗೀರಿದಂತಾಗುವ ಮಾತು ಅದಕ್ಕೆ ಇರಿದಂತಾಗುತ್ತದೆ. ಅಳುತ್ತದೆ. ಮನೆಯವರು ಕ್ರೂರಿಗಳೇ ಆಗಬೇಕಿಲ್ಲ. ಇಷ್ಟಕ್ಕೆಲ್ಲ ಯಾರು ಅಳುತ್ತಾರೆ, ಏನೂ ಆಗಿಲ್ಲ ಸುಮ್ಮನಿರು ಎನ್ನುತ್ತಾರೆ. ಮಗುವಿಗೆ ಆಗಿರುವುದು ನಿಜ, ಏನೂ ಆಗಿಲ್ಲ ಎನ್ನುವುದೂ ಅದು ನಂಬುವ ಜನ. ಯಾರನ್ನು ನಂಬಬೇಕು? ತನ್ನೊಳಗೆ ಏಳುತ್ತಿರುವುದಕ್ಕೆ ಸಿಟ್ಟು, ದುಃಖ, ಹಸಿವು, ಆಯಾಸ ಎಂದು ಹೆಸರಿಡುವುದನ್ನು ಮಕ್ಕಳು ದೊಡ್ಡವರಿಂದ ಕಲಿಯುತ್ತಾರೆ. ಈ ಮಗುವಿಗೆ ಆ ಪಾಠ ಸಿಗುವುದಿಲ್ಲ. ಬದಲಿಗೆ ಇನ್ನೊಂದು ಪಾಠ ಸಿಗುತ್ತದೆ. ಸಣ್ಣ ಅಳು ಯಾರಿಗೂ ಕೇಳಿಸುವುದಿಲ್ಲ, ದೊಡ್ಡ ರಂಪವಾದಾಗ ಮಾತ್ರ ಎಲ್ಲರೂ ಓಡಿಬರುತ್ತಾರೆ, ಅದೂ ಕೆಲವೊಮ್ಮೆ. ಹಾಗೆ ಕೆಲವೊಮ್ಮೆ ಮಾತ್ರ ಫಲ ಕೊಡುವ ಅಭ್ಯಾಸವೇ ಅತ್ಯಂತ ಗಟ್ಟಿಯಾಗಿ ಬೇರೂರುತ್ತದೆ ಎಂಬುದು ಮನಶ್ಶಾಸ್ತ್ರದ ಹಳೆಯ ತಿಳಿವಳಿಕೆ. ರಂಪ ಹೆಚ್ಚಿದಷ್ಟೂ ಮನೆಯವರ ಬಿಗಿ ಹೆಚ್ಚುತ್ತದೆ, ಬಿಗಿ ಹೆಚ್ಚಿದಷ್ಟೂ ರಂಪ. ಇಪ್ಪತ್ತು ವರ್ಷಗಳ ನಂತರ ಗೆಳೆಯನೊಬ್ಬ ಫೋನ್ ಎತ್ತದೆ ಇದ್ದಾಗ ಅದೇ ದೇಹ ಅದೇ ಪಾಠವನ್ನು ಒಪ್ಪಿಸುತ್ತದೆ.

ಮೇರಿ ಏನ್ಸ್‌ವರ್ತ್ ಅವರ ಹೆಸರಾಂತ ಪ್ರಯೋಗದಲ್ಲಿ ಒಂದು ವರ್ಷದ ಆಸುಪಾಸಿನ ಮಗುವನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು ತಾಯಿ ಹೊರಗೆ ಹೋಗಿ ಮರಳುತ್ತಾಳೆ. ನೋಡಬೇಕಾದದ್ದು ತಾಯಿ ಹೋದಾಗ ಮಗು ಅತ್ತಿತೇ ಎಂಬುದನ್ನಲ್ಲ, ಮರಳಿದಾಗ ಏನು ಮಾಡಿತು ಎಂಬುದನ್ನು. ಬಹುತೇಕ ಮಕ್ಕಳು ಓಡಿಬಂದು ಅಪ್ಪಿ, ಸಮಾಧಾನ ಪಡೆದು, ಮತ್ತೆ ಆಟಕ್ಕೆ ಹೋಗುತ್ತಾರೆ. ಕೆಲವರು ಕಂಡೂ ಕಾಣದಂತಿರುತ್ತಾರೆ, ಕೆಲವರು ಅಂಟಿಕೊಂಡು ಸಿಟ್ಟಿನಿಂದ ಒದೆಯುತ್ತಾರೆ. ಏನ್ಸ್‌ವರ್ತ್ ಅವರ ಶಿಷ್ಯೆ ಮೇರಿ ಮೇನ್ ಮುಂದೆ ಗುರುತಿಸಿದ ನಾಲ್ಕನೆಯ ಗುಂಪಿನ ಮಕ್ಕಳು ಮಾತ್ರ ತಾಯಿಯತ್ತ ಮುಖ ತಿರುಗಿಸಿಕೊಂಡು ಹೆಜ್ಜೆ ಇಡುತ್ತಾರೆ, ಅಥವಾ ನಡುವೆಯೇ ಕಲ್ಲಾಗುತ್ತಾರೆ. ಭಯವಾದಾಗ ಯಾರ ಬಳಿಗೆ ಓಡಬೇಕೋ ಅವರೇ ಭಯದ ಮೂಲವಾದರೆ ಮಗುವಿಗೆ ಹೋಗಲು ದಿಕ್ಕಿಲ್ಲ. ಹತ್ತಿರ ಬಾ, ದೂರ ಹೋಗು ಎಂದು ಒಂದೇ ಉಸಿರಿನಲ್ಲಿ ಹೇಳುವ ದೊಡ್ಡವರ ಸಂಬಂಧಗಳನ್ನು ಕಂಡಾಗಲೆಲ್ಲ ನನಗೆ ಆ ನಡುಕೋಣೆಯಲ್ಲಿ ನಿಂತ ಮಗು ನೆನಪಾಗುತ್ತದೆ. ಹಾಗೆಂದು ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯಬಾರದು. ಇಂಥ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ಚೆನ್ನಾಗಿಯೇ ಇರುತ್ತಾರೆ. ಒಬ್ಬ ಅಜ್ಜಿ, ಒಬ್ಬ ಶಿಕ್ಷಕ, ಒಳ್ಳೆಯ ಸಂಗಾತಿ ದಾರಿಯನ್ನು ತಿರುಗಿಸಿಬಿಡಬಹುದು.

ಆಘಾತದ ಲೆಕ್ಕ ಇನ್ನೂ ಭಾರ. ಬಾರ್ಡರ್‌ಲೈನ್ ಸ್ಥಿತಿ ಇರುವವರು ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ ಅಥವಾ ನಿರ್ಲಕ್ಷ್ಯ ಅನುಭವಿಸಿದ್ದಾಗಿ ಹೇಳುವ ಸಂಭವ ಮಾನಸಿಕ ತೊಂದರೆ ಇಲ್ಲದವರಿಗಿಂತ ಸುಮಾರು ಹದಿನಾಲ್ಕು ಪಟ್ಟು ಹೆಚ್ಚು ಎಂದು 2020ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ಕಂಡುಕೊಂಡಿತು. ಅದೇ ವಿಶ್ಲೇಷಣೆಯ ಪ್ರಕಾರ ಅವರಲ್ಲಿ ಶೇ 71ರಷ್ಟು ಜನ ಅಂಥ ಒಂದಾದರೂ ಅನುಭವವನ್ನು ಹೇಳಿದ್ದರು. ಹಾಗಿದ್ದರೆ ಉಳಿದ ಶೇ 29? ಅವರ ಮನೆಯವರು ಎಲ್ಲಿ ತಪ್ಪಿದೆವು ಎಂದು ವರ್ಷಗಟ್ಟಲೆ ತಮ್ಮನ್ನು ತಾವೇ ತಿವಿದುಕೊಳ್ಳುತ್ತಾರೆ, ಹಲವೊಮ್ಮೆ ಕಾರಣವಿಲ್ಲದೆ. ಇನ್ನೊಂದು ಕಡೆ, ಘೋರವಾದ ಬಾಲ್ಯ ಕಂಡವರಲ್ಲಿ ಬಹುಪಾಲು ಜನರಿಗೆ ಈ ಅಸ್ವಸ್ಥತೆ ಬರುವುದಿಲ್ಲ. ಆಘಾತ ಅಪಾಯವನ್ನು ಹೆಚ್ಚಿಸುತ್ತದೆ, ವಿಧಿಯನ್ನು ಬರೆಯುವುದಿಲ್ಲ.

ಎಲ್ಲಕ್ಕೂ ಕೊರತೆಯೇ ಕಾರಣ ಎಂಬ ನಂಬಿಕೆಗೆ ಸ್ವಮೋಹ ಒಂದು ಒಳ್ಳೆಯ ಅಪವಾದ. ಪ್ರೀತಿ ಸಿಗದ ಮಗು ಅದನ್ನು ಮುಚ್ಚಿಕೊಳ್ಳಲು ಅಹಂಕಾರದ ಕೋಟೆ ಕಟ್ಟುತ್ತದೆ ಎಂಬುದು ಮನೋವಿಶ್ಲೇಷಕರ ಹಳೆಯ ವಾದ. ನೆದರ್ಲೆಂಡ್ಸ್‌ನ ಸಂಶೋಧಕರು 7ರಿಂದ 11 ವರ್ಷದ 565 ಮಕ್ಕಳನ್ನೂ ಅವರ ಹೆತ್ತವರನ್ನೂ ಆರು ತಿಂಗಳಿಗೊಮ್ಮೆ ನಾಲ್ಕು ಸಲ ಪ್ರಶ್ನಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಮೋಹದ ಲಕ್ಷಣ ಹೆಚ್ಚಿದ್ದು ಪ್ರೀತಿ ಕಡಿಮೆಯಾದ ಮಕ್ಕಳಲ್ಲಲ್ಲ. ನನ್ನ ಮಗು ಉಳಿದೆಲ್ಲ ಮಕ್ಕಳಿಗಿಂತ ವಿಶೇಷ, ಅದಕ್ಕೆ ಹೆಚ್ಚಿನ ಹಕ್ಕಿದೆ ಎಂದು ನಂಬಿದ ಹೆತ್ತವರ ಮಕ್ಕಳಲ್ಲಿ. ಅಕ್ಕರೆ ಪಡೆದ ಮಕ್ಕಳಲ್ಲಿ ಹೆಚ್ಚಿದ್ದು ಆತ್ಮಗೌರವ. ನೀನು ನಮಗೆ ಬೇಕಾದವನು ಎಂಬುದಕ್ಕೂ ನೀನು ಎಲ್ಲರಿಗಿಂತ ಮೇಲಿನವನು ಎಂಬುದಕ್ಕೂ ಮಗು ವ್ಯತ್ಯಾಸ ತಿಳಿಯುತ್ತದೆ. ಆ ಅಧ್ಯಯನ ಅಳೆದದ್ದು ಗುಣವನ್ನು, ಕಾಯಿಲೆಯನ್ನಲ್ಲ ಎಂಬುದು ನೆನಪಿರಲಿ. ಆದರೂ ಹಳೆಯ ವಾದ ಅಷ್ಟು ಸಲೀಸಾಗಿ ಉಳಿಯುವಂತಿಲ್ಲ.

ಸಮಾಜವಿರೋಧಿ ನಡವಳಿಕೆಯ ಬಗ್ಗೆ ಒಂದೇ ಮಾತು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972 ಮತ್ತು 73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಆಧಾರದ ಮೇಲೆ ಟೆರ್ರಿ ಮಾಫಿಟ್ 1993ರಲ್ಲಿ ಎರಡು ದಾರಿಗಳನ್ನು ಬೇರ್ಪಡಿಸಿದರು: ಎಳವೆಯಲ್ಲೇ ಶುರುವಾಗಿ ಬಿಡದೆ ಮುಂದುವರಿಯುವ ಕೆಲವೇ ಜನರದು ಒಂದು, ಹದಿಹರೆಯದಲ್ಲಿ ಬಂದು ಹದಿಹರೆಯದೊಂದಿಗೇ ಹೋಗುವ ಬಹುಜನರದು ಇನ್ನೊಂದು. ಹದಿನಾರರಲ್ಲಿ ಗಾಜು ಒಡೆದವರೆಲ್ಲ ನಲವತ್ತರಲ್ಲಿ ಮನೆ ಒಡೆಯುವುದಿಲ್ಲ.

ಕೋಣೆಗಳು ಕುಸಿದದ್ದು

ಇಷ್ಟು ದಾರಿಗಳಲ್ಲಿ ಬೆಳೆಯುವ ಸಂಗತಿಯನ್ನು ಹನ್ನೊಂದು ಕೋಣೆಗಳಲ್ಲಿ ತುಂಬಿಡಲು ಹೊರಟದ್ದು 1980ರ ಡಿಎಸ್‌ಎಂ-3. ಅದು ವ್ಯಕ್ತಿತ್ವದ ಅಸ್ವಸ್ಥತೆಗಳಿಗೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟು, ಪ್ರತಿಯೊಂದಕ್ಕೂ ಲಕ್ಷಣಗಳ ಪಟ್ಟಿ ಬರೆಯಿತು. ಪಟ್ಟಿ ಬಂದದ್ದರಿಂದ ಸಂಶೋಧನೆ ಸಾಧ್ಯವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಪಟ್ಟಿಯ ಗಣಿತ ನೋಡಿ. ಇಂದಿನ ಡಿಎಸ್‌ಎಂನಲ್ಲಿ ಬಾರ್ಡರ್‌ಲೈನ್ ಎನ್ನಿಸಿಕೊಳ್ಳಲು ಒಂಬತ್ತು ಲಕ್ಷಣಗಳಲ್ಲಿ ಯಾವುದಾದರೂ ಐದು ಇದ್ದರೆ ಸಾಕು. ಲೆಕ್ಕ ಹಾಕಿದರೆ ಅಲ್ಲಿಗೆ ತಲುಪಲು 256 ದಾರಿಗಳಿವೆ. ಒಂದೇ ಚೀಟಿ ಹೊತ್ತ ಇಬ್ಬರ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿರಬಹುದು. ನಾಲ್ಕು ಲಕ್ಷಣ ಇರುವವರು ಆರೋಗ್ಯವಂತರು, ಐದಾದ ಕೂಡಲೇ ರೋಗಿ. ಇದರ ಮೇಲೆ, ಒಂದು ಕೋಣೆಗೆ ಸೇರಿದವರು ಇನ್ನೆರಡು ಕೋಣೆಗಳಿಗೂ ಸೇರುವುದು ಸಾಮಾನ್ಯವಾಗಿತ್ತು. ಒಬ್ಬನಿಗೆ ಮೂರು ವ್ಯಕ್ತಿತ್ವದ ಅಸ್ವಸ್ಥತೆಗಳು ಎಂದರೆ ಅವನಿಗೆ ಮೂರು ವ್ಯಕ್ತಿತ್ವಗಳೇ?

ಪಟ್ಟಿಯೊಳಕ್ಕೆ ಕಾಲದ ಪೂರ್ವಗ್ರಹಗಳೂ ನುಸುಳುತ್ತವೆ. 1987ರ ಪರಿಷ್ಕರಣೆಯ ಅನುಬಂಧದಲ್ಲಿ 'ಸ್ವಯಂ-ಪರಾಭವದ ವ್ಯಕ್ತಿತ್ವ' ಎಂಬ ಅರ್ಥದ ಹೊಸ ಹೆಸರೊಂದು ಕಾಣಿಸಿಕೊಂಡಿತು. ತನ್ನನ್ನು ನೋಯಿಸುವವರೊಂದಿಗೇ ಉಳಿಯುವುದು, ಯಾರೂ ಕೇಳದ ತ್ಯಾಗ ಮಾಡುವುದು ಅದರ ಲಕ್ಷಣಗಳಲ್ಲಿದ್ದವು. ಹೊಡೆಯುವ ಗಂಡನನ್ನು ಬಿಟ್ಟುಬರಲಾಗದ ಹೆಂಗಸಿಗೆ ರೋಗಿಯ ಪಟ್ಟ ಕಟ್ಟುತ್ತೀರಾ ಎಂದು ಸ್ತ್ರೀವಾದಿ ಮನಶ್ಶಾಸ್ತ್ರಜ್ಞೆಯರು ತಿರುಗಿಬಿದ್ದರು. 1994ರ ಆವೃತ್ತಿಯಲ್ಲಿ ಅದು ಇರಲಿಲ್ಲ.

ಕೋಣೆಗಳ ಗೋಡೆ ಒಡೆಯುವ ಪ್ರಯತ್ನ ಅಮೆರಿಕದಲ್ಲೇ ಮೊದಲು ನಡೆದು ಅರ್ಧಕ್ಕೆ ನಿಂತಿತು. ಡಿಎಸ್‌ಎಂ-5 ರೂಪಿಸಿದ ತಜ್ಞರು ಹೊಸ ಮಾದರಿಯೊಂದನ್ನು ಮುಂದಿಟ್ಟರು. ಸಂಘದ ಆಡಳಿತ ಮಂಡಳಿ 2012ರ ಡಿಸೆಂಬರಿನಲ್ಲಿ ಅಷ್ಟರಲ್ಲಿ ಹತ್ತಕ್ಕೆ ಇಳಿದಿದ್ದ ಹಳೆಯ ಕೋಣೆಗಳನ್ನೇ ಉಳಿಸಿಕೊಂಡು, ಹೊಸದನ್ನು ಪುಸ್ತಕದ ಮೂರನೆಯ ಭಾಗಕ್ಕೆ ಪರ್ಯಾಯವೆಂದು ಸೇರಿಸಿತು. 2013ರಲ್ಲಿ ಹೊರಬಂದ ಆ ಒಂದೇ ಪುಸ್ತಕದಲ್ಲಿ ಒಂದೇ ಕಾಯಿಲೆಯ ಬಗ್ಗೆ ಎರಡು ಸಿದ್ಧಾಂತಗಳು ಇವೆ. ಹಾಗೆ ತೂಗಾಡಲು ಒಪ್ಪದೆ ನೇರವಾಗಿ ಹೆಜ್ಜೆ ಇಟ್ಟದ್ದು ಬ್ರಿಟನ್ನಿನ ಪೀಟರ್ ಟೈರರ್ ಮುಂದಾಳತ್ವದ ಐಸಿಡಿ-11 ತಂಡ. ತೀವ್ರತೆ ಮೊದಲು, ಬೇಕಿದ್ದರೆ ಆಮೇಲೆ ಐದು ಬಣ್ಣಗಳಲ್ಲಿ ಯಾವುದು ಗಾಢ ಎಂದು ಸೇರಿಸಬಹುದು: ನೋವು ಮತ್ತು ಆತಂಕದ ಕಡೆಗೆ ವಾಲುವುದು, ಜನರಿಂದ ದೂರ ಸರಿಯುವುದು, ಇತರರ ಬಗ್ಗೆ ಕಾಳಜಿ ಇಲ್ಲದಿರುವುದು, ಹಿಂದುಮುಂದು ನೋಡದೆ ಧುಮುಕುವುದು, ಎಲ್ಲವನ್ನೂ ಬಿಗಿಯಾಗಿ ಹಿಡಿಯುವುದು. ಇವು ಆರೋಗ್ಯವಂತರ ವ್ಯಕ್ತಿತ್ವವನ್ನು ಅಳೆಯಲು ಮನಶ್ಶಾಸ್ತ್ರ ಬಳಸುವ ಐದು ಮುಖ್ಯ ಗುಣಗಳಲ್ಲಿ ನಾಲ್ಕಕ್ಕೆ ಬಹಳ ಹತ್ತಿರದ ನೆಂಟರು. ಅಂದರೆ ಅವರು ಮತ್ತು ನಾವು ಎಂಬ ಎರಡು ಜಾತಿಗಳಿಲ್ಲ, ಒಂದೇ ಅಳತೆಗೋಲಿನ ಮೇಲೆ ಬೇರೆ ಬೇರೆ ಜಾಗಗಳಿವೆ. ಅಸ್ವಸ್ಥತೆಯ ಗೆರೆಗೆ ಮುಂಚೆ 'ವ್ಯಕ್ತಿತ್ವದ ತೊಡಕು' ಎಂಬ ಒಂದು ಮೆಟ್ಟಿಲನ್ನೂ ಅದು ಇಟ್ಟಿದೆ. ಅದು ಕಾಯಿಲೆಯಲ್ಲ. ನಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ಸಂದರ್ಭದಲ್ಲಿ ಅಲ್ಲಿ ಕುಳಿತು ಎದ್ದು ಬಂದವರೇ.

ಬಾರ್ಡರ್‌ಲೈನ್ ಮಾತ್ರ ಹಟಹಿಡಿದು ಉಳಿಯಿತು. ಆತಂಕದಂಥ ಮನೋವ್ಯಥೆ (ನ್ಯೂರೋಸಿಸ್) ಮತ್ತು ವಾಸ್ತವದ ಹಿಡಿತ ತಪ್ಪುವ ಚಿತ್ತವಿಕಲತೆ (ಸೈಕೋಸಿಸ್) ಇವುಗಳ ಗಡಿಯಲ್ಲಿ ಇರುವವರು ಎಂಬ ಅರ್ಥದಲ್ಲಿ ಅಡಾಲ್ಫ್ ಸ್ಟರ್ನ್ 1938ರಲ್ಲಿ ಬಳಸಿದ ಪದ ಅದು. ಆ ಗಡಿಯ ಕಲ್ಪನೆ ಎಂದೋ ಹೋಗಿದೆ, ಪದ ಹೋಗಿಲ್ಲ. ಅದೂ ಅಳಿಸಿಹೋಗುತ್ತದೆ ಎಂದಾಗ ಚಿಕಿತ್ಸಕರು ಬಲವಾಗಿ ಆಕ್ಷೇಪಿಸಿದರು: ಇರುವ ಒಳ್ಳೆಯ ಚಿಕಿತ್ಸೆಗಳೆಲ್ಲ ಈ ಹೆಸರಿನ ಸುತ್ತ ಕಟ್ಟಿದವು, ಹೆಸರು ಹೋದರೆ ರೋಗಿಗೆ ಚಿಕಿತ್ಸೆಯ ಬಾಗಿಲೂ ಮುಚ್ಚೀತು. ಕೊನೆಗೆ ಅದನ್ನು ಹೆಚ್ಚುವರಿ ಗುರುತಾಗಿ ಉಳಿಸಿಕೊಳ್ಳಲಾಯಿತು. ರಾಜಿ ಎಂದು ನಗಬಹುದು. ನನಗೆ ಅದು ಪ್ರಾಮಾಣಿಕ ರಾಜಿ ಎನ್ನಿಸುತ್ತದೆ.

ಹೆಸರೇ ಗಾಯ ಮಾಡುತ್ತದೆ ಎನ್ನುವವರ ಬಳಿಯೂ ಪುರಾವೆ ಇದೆ. 1988ರಲ್ಲಿ ಗ್ಲಿನ್ ಲೂಯಿಸ್ ಮತ್ತು ಲೂಯಿಸ್ ಆ್ಯಪಲ್‌ಬಿ ಬ್ರಿಟನ್ನಿನ ಮನೋವೈದ್ಯರಿಗೆ ರೋಗಿಯೊಬ್ಬರ ವಿವರ ಕೊಟ್ಟು ಅಭಿಪ್ರಾಯ ಕೇಳಿದರು. ಹಿಂದೆ ವ್ಯಕ್ತಿತ್ವದ ಅಸ್ವಸ್ಥತೆ ಎಂದು ಗುರುತಿಸಲಾಗಿತ್ತು ಎಂಬ ಒಂದು ಸಾಲು ಸೇರಿಸಿದಾಗ, ವೈದ್ಯರಿಗೆ ಅದೇ ರೋಗಿ ಹೆಚ್ಚು ಕಿರಿಕಿರಿಯವರಾಗಿ, ಗಮನ ಸೆಳೆಯಲು ನಾಟಕವಾಡುವವರಾಗಿ, ನೆರವಿಗೆ ಅಷ್ಟೇನೂ ಅರ್ಹರಲ್ಲದವರಾಗಿ ಕಂಡರು. ವೈದ್ಯರ ಮೇಲೇ ಒಂದು ಸಾಲು ಇಷ್ಟು ಕೆಲಸ ಮಾಡುವುದಾದರೆ ವಿಡಿಯೊ ನೋಡುವ ನಮ್ಮ ಪಾಡೇನು?

ಗಾದೆಗೆ ಎದುರಾದ ಲೆಕ್ಕ

ಆ ತಾತ್ಸಾರದ ಬೇರು ಒಂದೇ ನಂಬಿಕೆಯಲ್ಲಿತ್ತು: ಇದು ಬದಲಾಗುವುದಲ್ಲ. ಅದನ್ನು ಪರೀಕ್ಷಿಸಲು ಯಾರಾದರೂ ಕಾದು ಕುಳಿತು ನೋಡಬೇಕಿತ್ತು. ಮೇರಿ ಜಾನರಿನಿ ಅವರ ತಂಡ ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ 1992ರಿಂದ ಆ ಕೆಲಸಕ್ಕೆ ಕೈಹಾಕಿತು. ಒಳರೋಗಿಗಳಾಗಿ ದಾಖಲಾಗುವಷ್ಟು ತೀವ್ರವಾಗಿದ್ದ 290 ಬಾರ್ಡರ್‌ಲೈನ್ ರೋಗಿಗಳನ್ನು ಎರಡು ವರ್ಷಕ್ಕೊಮ್ಮೆ ಭೇಟಿಯಾಗುತ್ತಾ ಹೋದರು. ಹತ್ತು ವರ್ಷಗಳಲ್ಲಿ ಶೇ 93ರಷ್ಟು ಜನರಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ಶಮನವಾಗಿದ್ದವು. ಶೇ 86ರಷ್ಟು ಜನರಲ್ಲಿ ಕನಿಷ್ಠ ನಾಲ್ಕು ವರ್ಷ. ಸುಟ್ಟರೂ ಹೋಗದು ಎಂದುಕೊಂಡದ್ದು ಕಾಲ ಕಳೆದಂತೆ ಕರಗುತ್ತಿತ್ತು.

ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನು ಹೇಳದಿದ್ದರೆ ಮೋಸವಾಗುತ್ತದೆ. ಲಕ್ಷಣ ಶಮನವಾದುದರ ಜೊತೆಗೆ ಒಂದು ಸ್ಥಿರವಾದ ಆಪ್ತ ಸಂಬಂಧ ಮತ್ತು ಕೆಲಸ ಅಥವಾ ಓದು, ಇವೆಲ್ಲ ಒಟ್ಟಿಗೆ ದಕ್ಕಿದವರು ಶೇ 50 ಮಾತ್ರ. ಬಿರುಗಾಳಿ ನಿಂತಿತು, ಆದರೆ ಹಾರಿಹೋದ ಸೂರು ತಾನಾಗಿ ಮರಳಿ ಬರಲಿಲ್ಲ. ಇಪ್ಪತ್ತರಿಂದ ಮೂವತ್ತರ ನಡುವಿನ ವರ್ಷಗಳನ್ನು ಆಸ್ಪತ್ರೆಗಳ ಸುತ್ತ ಕಳೆದವರು ಅಷ್ಟರಲ್ಲಿ ಕಲಿಯಬೇಕಿದ್ದ ಕಸುಬನ್ನು, ಗಳಿಸಬೇಕಿದ್ದ ಗೆಳೆತನಗಳನ್ನು ನಲವತ್ತರಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಔಷಧಿಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಬಾರ್ಡರ್‌ಲೈನ್ ಸ್ಥಿತಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟ ಒಂದು ಮಾತ್ರೆಯೂ ಇಲ್ಲ. ಕೆಲಸ ಮಾಡುವುದು ಮಾತು, ಅದೂ ದೀರ್ಘಕಾಲದ, ಶಿಸ್ತಿನ ಮಾತು. ಲೈನ್‌ಹಾನ್ ರೂಪಿಸಿದ ಡಿಬಿಟಿ ಎಂಬ ಚಿಕಿತ್ಸೆಯ ಮೊದಲ ಪ್ರಯೋಗದ ಫಲಿತಾಂಶ ಬಂದದ್ದು 1991ರಲ್ಲಿ. ಬಾಲ್ಯದಲ್ಲಿ ತಪ್ಪಿಹೋದ ಪಾಠವನ್ನು ಅದು ದೊಡ್ಡವರಿಗೆ ಹೇಳಿಕೊಡುತ್ತದೆ: ಒಳಗೆ ಎದ್ದದ್ದಕ್ಕೆ ಹೆಸರಿಡುವುದು, ಅದು ಇಳಿಯುವ ತನಕ ಕಾಯುವುದು, ಕೇಳಬೇಕಾದದ್ದನ್ನು ಕಿರುಚದೆ ಕೇಳುವುದು. ಲಂಡನ್ನಿನಲ್ಲಿ ಆಂಟನಿ ಬೇಟ್‌ಮನ್ ಮತ್ತು ಪೀಟರ್ ಫೊನಾಗಿ ಇನ್ನೊಂದು ದಾರಿ ಹಿಡಿದರು. ಫೋನ್ ಎತ್ತದ ಗೆಳೆಯ ನನ್ನನ್ನು ಬಿಟ್ಟೇಬಿಟ್ಟ ಎಂಬ ಖಚಿತತೆಗೂ ಅವನು ನಿದ್ದೆ ಹೋಗಿರಬಹುದು ಎಂಬ ಊಹೆಗೂ ನಡುವೆ ಒಂದು ಕ್ಷಣದ ಜಾಗ ಮಾಡಿಕೊಡುವುದು ಅವರ ಚಿಕಿತ್ಸೆಯ ತಿರುಳು. ಕೇಳಲು ಸಣ್ಣದು. ಆ ಜಾಗ ಇಲ್ಲದವರಿಗೆ ಎಷ್ಟು ದೊಡ್ಡದು ಎಂಬುದು ಅವರಿಗೇ ಗೊತ್ತು.

ಲೈನ್‌ಹಾನ್ ಅವರಿಗೂ ಗೊತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ತಾವೇ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದನ್ನು, ತಮ್ಮ ಮೈಮೇಲಿನ ಗಾಯದ ಗುರುತುಗಳ ಕಥೆಯನ್ನು ಅವರು 2011ರಲ್ಲಿ, ವೃತ್ತಿಯ ಎಲ್ಲ ಗೌರವಗಳನ್ನು ಪಡೆದ ಮೇಲೆ, ಬಹಿರಂಗವಾಗಿ ಹೇಳಿದರು. ಅಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಬೇಕಾಗಿಲ್ಲ. 1988ರ ಆ ಅಧ್ಯಯನವೇ ಉತ್ತರ.

ಈಗ ಜಗ್ಗಾಟ ನಡೆದಿರುವುದು ವಯಸ್ಸಿನ ಮೇಲೆ. ಹದಿನೆಂಟು ತುಂಬದವರಿಗೆ ಈ ಹೆಸರು ಕೊಡಲು ಬಹಳಷ್ಟು ವೈದ್ಯರು ಹಿಂಜರಿಯುತ್ತಾರೆ; ಬೆಳೆಯುವ ಮನಸ್ಸು, ಚೀಟಿ ಅಂಟಿದರೆ ಕೀಳಲಾಗದು ಎಂಬ ಭಯ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆ್ಯಂಡ್ರ್ಯೂ ಶಾನೆನ್ ಅವರ ತಂಡ ಇದಕ್ಕೆ ವಿರುದ್ಧವಾಗಿ, ಹದಿಹರೆಯದಲ್ಲೇ ಗುರುತಿಸಿ ಅಲ್ಲೇ ಚಿಕಿತ್ಸೆ ಕೊಡಬೇಕು ಎಂದು ವಾದಿಸುತ್ತಾ ಬಂದಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಅವರ ಕಡೆಗಿದೆ ಎನ್ನಬಹುದು, ಮೆಕ್ಲೀನ್‌ನಲ್ಲಿ ಮರಗಳೂ ಬಗ್ಗಿದ್ದನ್ನು ಮರೆಯದಿದ್ದರೆ. ಐಸಿಡಿ-11 ವಯಸ್ಸಿನ ಬೇಲಿ ಹಾಕಿಲ್ಲ. ಅದರ ಜೊತೆಗೇ, ತೀವ್ರತೆ ಕಾಲಕಾಲಕ್ಕೆ ಬದಲಾಗಬಹುದು ಎಂದೂ ಒಪ್ಪಿಕೊಂಡಿದೆ. ಈ ವರ್ಷ ಕಡತದಲ್ಲಿ 'ಮಧ್ಯಮ' ಎಂದು ಬರೆದ ವೈದ್ಯರು ಮೂರು ವರ್ಷದ ನಂತರ ಅದೇ ಹುಡುಗಿಯ ಹೆಸರಿನ ಮುಂದೆ 'ಸೌಮ್ಯ' ಎಂದೋ, ಬರೀ 'ತೊಡಕು' ಎಂದೋ, ಏನೂ ಬರೆಯದೆಯೋ ಪುಟ ತಿರುಗಿಸಬಹುದು. ಹಳೆಯ ಪಟ್ಟಿಯ ನಮೂನೆಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.